ಜೆ.ಸಿ. ರೋಡಿನ ಮೀಟರ್ ರಿಪೇರಿ ಅಂಗಡಿ: ಹಳೇ ಕಾರು ಇಟ್ಟುಕೊಂಡವರಿಗೆ

ನಮ್ಮದು ಕಾರ್ಬುರೇಟರ್ ಇರುವ ಹಳೇ ಮಾರುತಿ 800. ಕೆಲವು ತಿಂಗಳಿಂದ ಸ್ಪೀಡೋಮೀಟರ್ ಮುಳ್ಳು ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. 40ರಲ್ಲಿ ಹೋಗುತ್ತಿದ್ದರೆ 20ಕ್ಕೂ 60ಕ್ಕೂ ನಡುವೆ ಕುಣಿಯುತ್ತಿತ್ತು, ಜೊತೆಗೆ ಡ್ಯಾಶ್‌ಬೋರ್ಡ್ ಹಿಂದೆ ಟಿಕ್ ಟಿಕ್ ಸದ್ದು. ಮನೆ ಹತ್ತಿರದ ಗ್ಯಾರೇಜಿನವರು ನೋಡಿದ ತಕ್ಷಣ ‘ಮೀಟರ್ ಹೋಗಿದೆ ಸಾರ್, ಪೂರ್ತಿ ಚೇಂಜ್ ಮಾಡಬೇಕು’ ಅಂದರು. ಬಿಚ್ಚಿ ಕೂಡ ನೋಡಲಿಲ್ಲ. ಅಪ್ಪ ಹೊಸದಾಗಿ ತಗೊಂಡ ಗಾಡಿ ಅದು, ಇಷ್ಟು ವರ್ಷ ಓಡಿದ ಲೆಕ್ಕವೆಲ್ಲ ಆ ಮೀಟರಿನಲ್ಲೇ ಇದೆ. ಸುಮ್ನೆ ಕಿತ್ತು ಬಿಸಾಕೋಕೆ ಆಗುತ್ತಾ?

ಹಾಗಾಗಿ ಬೆಂಗಳೂರಿನ ಜೆ.ಸಿ. ರೋಡಿಗೆ ಹೋದೆ. ಒಳಗಲ್ಲಿಯಲ್ಲಿ ಬರೀ ಮೀಟರ್ ಕೆಲಸ ಮಾಡುವ ಒಂದು ಸಣ್ಣ ಅಂಗಡಿ. ಯಜಮಾನರು ಕೇಳಿದ ಮೊದಲ ಮಾತೇ ನನಗೆ ಹಿಡಿಸಿತು. ‘ಮುಳ್ಳು ಬಿಡಿ ಸಾರ್, ಕಿಲೋಮೀಟರ್ ಓಡ್ತಾ ಇದೆಯಾ?’

ಅರ್ಧ ರೋಗ ಈ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ. ಮುಳ್ಳು, ಕಿಲೋಮೀಟರ್ ಅಂಕಿ ಎರಡನ್ನೂ ಓಡಿಸುವುದು ಗೇರ್‌ಬಾಕ್ಸಿನಿಂದ ಬರುವ ಒಂದೇ ಕೇಬಲ್. ಎರಡೂ ನಿಂತಿದ್ದರೆ ಕೇಬಲ್ ತುಂಡಾಗಿರಬೇಕು, ಇಲ್ಲವೇ ಗೇರ್‌ಬಾಕ್ಸ್ ಕಡೆಯ ಸಣ್ಣ ಪಿನಿಯನ್ (ಕೇಬಲ್ ತಿರುಗಿಸುವ ಹಲ್ಲಿನ ಚಕ್ರ) ಸವೆದಿರಬೇಕು. ಅಂಕಿ ಓಡುತ್ತಿದ್ದು ಮುಳ್ಳು ಮಾತ್ರ ಏಳದಿದ್ದರೆ ತೊಂದರೆ ಮೀಟರ್ ಒಳಗಿದೆ. ಮುಳ್ಳು ಸರಿಯಿದ್ದು ಅಂಕಿ ನಿಂತಿದ್ದರೆ ಅಂಕಿ ತಿರುಗಿಸುವ ಗೇರ್ ನೋಡಬೇಕು. ನಮ್ಮದರ ಥರ ಅಂಕಿ ಓಡುತ್ತಾ ಮುಳ್ಳು ಕುಣಿದರೆ ಮೊದಲ ಅನುಮಾನ ಕೇಬಲ್ ಮೇಲೆ.

ಕೇಬಲ್ ಬಿಚ್ಚಿ, ಒಳಗಿನ ತಂತಿ ಎಳೆದು, ಬಟ್ಟೆಯಲ್ಲಿ ಒರೆಸಿ, ಗಾಜಿನ ಕೌಂಟರ್ ಮೇಲೆ ಉದ್ದಕ್ಕೆ ಇಟ್ಟು ಬೆರಳಲ್ಲಿ ನಿಧಾನಕ್ಕೆ ಉರುಳಿಸಿದರು. ನೆಟ್ಟಗಿದ್ದರೆ ಸಮನಾಗಿ ಉರುಳಬೇಕು. ಇದು ಪ್ರತಿ ಸುತ್ತಿಗೂ ಒಂದು ಜಾಗದಲ್ಲಿ ಪಟಕ್ ಅಂತ ಎಗರುತ್ತಿತ್ತು. ಯಾವಾಗಲೋ ಕೇಬಲನ್ನು ಜಾಸ್ತಿ ಬಗ್ಗಿಸಿ ಕೂರಿಸಿದ್ದಾರೆ, ಅಲ್ಲಿ ತಂತಿ ಮಡಚಿದೆ. ಆ ಮಡಿಕೆ ಕವಚದೊಳಗೆ ಸಿಕ್ಕಿಕೊಂಡು, ತಂತಿ ತಿರುಚಿಕೊಂಡು, ಆಮೇಲೆ ಒಮ್ಮೆಲೇ ಬಿಡುತ್ತದೆ. ಮುಳ್ಳು ಕುಣಿಯುತ್ತಿದ್ದದ್ದು ಅದಕ್ಕೇ. ತುದಿಯ ಚೌಕವೂ ಸವೆದು ದುಂಡಗಾಗಿತ್ತು.

‘ಬಂದಿದ್ದೀರಲ್ಲ, ಮೀಟರನ್ನೂ ನೋಡಿಬಿಡೋಣ’ ಅಂತ ಅದನ್ನು ಬೆಂಚಿನ ಮೋಟರಿಗೆ ಸಿಕ್ಕಿಸಿದರು. ಮಾರುತಿ 800 ಮೂಲತಃ ಜಪಾನಿನ ಸುಜುಕಿ ಗಾಡಿ. ಜಪಾನಿನ ಲೆಕ್ಕದ ಕಾರ್ ಮೀಟರಿಗೆ ನಿಮಿಷಕ್ಕೆ 637 ಸುತ್ತು ಕೊಟ್ಟರೆ ಮುಳ್ಳು 60 ತೋರಿಸಬೇಕು. ತೋರಿಸಿತು, ಒಂಚೂರೂ ಅಲ್ಲಾಡದೆ! ಬಿಸಾಕಿ ಅಂದಿದ್ದ ಮೀಟರಿಗೆ ಏನೂ ಆಗಿರಲಿಲ್ಲ.

ಹೊಸ ಕೇಬಲ್‌ಗೆ ಗ್ರೀಸ್ ಹಚ್ಚಿದ ರೀತಿ ನೋಡಬೇಕಿತ್ತು. ತೀರಾ ತೆಳ್ಳಗೆ, ಅದೂ ಮೀಟರ್ ಕಡೆ ಒಂದು ಗೇಣು ಬಿಟ್ಟು. ಜಾಸ್ತಿ ಬಳಿದರೆ ತಿರುಗುವ ತಂತಿಯ ಜೊತೆ ಗ್ರೀಸ್ ಮೇಲಕ್ಕೆ ಹತ್ತಿ ಮೀಟರೊಳಗೆ ಹೋಗುತ್ತದೆ. ಒಳಗೆ ಕೇಬಲ್ ತಿರುಗಿಸುವ ಅಯಸ್ಕಾಂತವೂ ಮುಳ್ಳಿಗೆ ಅಂಟಿದ ಅಲ್ಯೂಮಿನಿಯಂ ಬಟ್ಟಲೂ ಒಂದಕ್ಕೊಂದು ತಾಗಿರುವುದಿಲ್ಲ. ಅಯಸ್ಕಾಂತ ತಿರುಗಿದಾಗ ಬಟ್ಟಲಲ್ಲಿ ಹುಟ್ಟುವ ಕರೆಂಟೇ ಅದನ್ನು ಎಳೆಯುವುದು, ಸಣ್ಣ ಸ್ಪ್ರಿಂಗ್ ಹಿಂದಕ್ಕೆ ಹಿಡಿಯುವುದು. ಆ ಸಂದಿಗೆ ಗ್ರೀಸ್ ಸೇರಿದರೆ ಬಟ್ಟಲು ಅಯಸ್ಕಾಂತದ ಜೊತೆಗೇ ಎಳೆದುಕೊಂಡು ಹೋಗಿ ಮುಳ್ಳು ನಿಜಕ್ಕಿಂತ ಜಾಸ್ತಿ ಸ್ಪೀಡ್ ತೋರಿಸುತ್ತದೆ. ಕೇಳದಿದ್ದರೂ ಇಷ್ಟನ್ನೂ ಅವರೇ ಬಿಡಿಸಿ ಹೇಳಿದರು.

ಕೇಬಲ್, ಕೂಲಿ ಸೇರಿ 650 ರೂಪಾಯಿ. ನಾನಿದ್ದಾಗಲೇ ಒಬ್ಬರು ಬಂದು ಗಾಡಿ ಮಾರಬೇಕು, ಕಿಲೋಮೀಟರ್ ಕಮ್ಮಿ ಮಾಡಿಕೊಡಿ ಅಂದರು. ‘ಆ ಕೆಲಸ ನಾವು ಮಾಡಲ್ಲ’ ಅಂತ ಹೇಳಿ ತಲೆ ಎತ್ತದೆ ಕೆಲಸ ಮುಂದುವರಿಸಿದರು. ಇಂಥವರಿಗೆ ನಾಲ್ಕು ಜನ ಗಿರಾಕಿ ಜಾಸ್ತಿ ಹೋಗಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ವಾಪಸ್ ಬರುವಾಗ ಹೆಂಡತಿ ಪಕ್ಕದಲ್ಲಿ ಕೂತು ಫೋನಿನ ಜಿಪಿಎಸ್ ಓದಿದಳು. ಮೀಟರ್ ಸ್ಪೀಡನ್ನು ಒಂದೆರಡು ಕಿಲೋಮೀಟರ್ ಜಾಸ್ತಿ ತೋರಿಸುತ್ತದೆ, ಅಷ್ಟೆ. ಕಮ್ಮಿ ತೋರಿಸಿದರೆ ಚಿಂತೆ ಮಾಡಬೇಕು. ದೊಡ್ಡ ಟೈರ್ ಹಾಕಿಸಿದವರಿಗೆ ಹಾಗಾಗುತ್ತದೆ, ಅದಕ್ಕೆ ಮೀಟರ್ ಬಿಚ್ಚಿಸಬೇಡಿ.

ಕೊರತೆ ಇಲ್ಲ ಅಂತಲ್ಲ. ಕಾರು ನಿಲ್ಲಿಸಲು ಜಾಗ ಸಿಗುವುದೇ ಕಷ್ಟ, ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋಗಿ. ಗೇರ್‌ಬಾಕ್ಸಿನ ಪಿನಿಯನ್ ಕೆಲಸ ಅವರು ಮುಟ್ಟುವುದಿಲ್ಲ. ಹಾಗಾಗಿ ಮುಳ್ಳು, ಅಂಕಿ ಎರಡೂ ನಿಂತಿದ್ದರೆ ಮೀಟರ್ ಹಿಂದೆ ಕೇಬಲ್ ಬಿಚ್ಚಿ, ಯಾರಾದರೂ ಗಾಡಿಯನ್ನು ಸ್ವಲ್ಪ ತಳ್ಳುವಾಗ ತಂತಿಯ ತುದಿ ತಿರುಗುತ್ತದಾ ನೋಡಿ. ತಿರುಗದಿದ್ದರೆ ಗೇರ್‌ಬಾಕ್ಸ್ ಕಡೆಯೂ ಬಿಚ್ಚಿ ತಂತಿಯನ್ನು ಎಳೆದು ನೋಡಿ. ಅದು ಇಡಿಯಾಗಿ ಬಂದರೆ ಮೊದಲು ನಿಮ್ಮ ಮೆಕ್ಯಾನಿಕ್ ಹತ್ತಿರ ಪಿನಿಯನ್ ತೋರಿಸಿ.