ತ್ರೀಡಿ ಸ್ಲೈಸರ್: ಕೃತಕ ಮಂಡಿ ಮಾದರಿಗೆ ನಂಬಬಹುದಾದ ಸಾಫ್ಟ್‌ವೇರ್

ಸಿಟಿ ಸ್ಕ್ಯಾನಿನಿಂದ ಮೂಳೆಯ ಆಕಾರ ಎತ್ತಿಕೊಡಲು ಉಚಿತವಾಗಿ ಸಿಗುವ ತ್ರೀಡಿ ಸ್ಲೈಸರ್ ನಿಜಕ್ಕೂ ಸೊಗಸು. ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಧೈರ್ಯವಾಗಿ ಹಿಡಿಯಬಹುದು.

ಸ್ಕ್ಯಾನಿನ ಒಂದೊಂದು ಪದರದ (ಸ್ಲೈಸ್) ದಪ್ಪ 1 ಮಿ.ಮೀ. ಒಳಗಿರಲಿ, 3 ಮಿ.ಮೀ. ಆದರೆ ತೊಡೆಮೂಳೆಯ ತುದಿ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೂಳೆಯನ್ನು ಬೇರ್ಪಡಿಸುವ ಸೆಗ್ಮೆಂಟ್ ಎಡಿಟರ್‌ನಲ್ಲಿ ಥ್ರೆಶೋಲ್ಡನ್ನು (ಎಷ್ಟು ಸಾಂದ್ರತೆಯಿಂದ ಮೇಲಿನದು ಮೂಳೆ ಎನ್ನುವ ಮಿತಿ) 200–250 ಎಚ್‌ಯುನಿಂದ (ಹೌನ್ಸ್‌ಫೀಲ್ಡ್ ಯೂನಿಟ್, ಸಿಟಿಯಲ್ಲಿ ಸಾಂದ್ರತೆಯ ಅಳತೆ) ಶುರುಮಾಡಿ. ವಯಸ್ಸಾದವರ ಸವೆದ ಮೂಳೆಯಲ್ಲಿ ತೂತು ಬಿದ್ದರೆ ಮಿತಿ ಇಳಿಸಿ, ಉಳಿದದ್ದನ್ನು ಪೇಂಟ್ ಉಪಕರಣದಲ್ಲಿ ಕೈಯಾರೆ ತುಂಬಿ. ಸ್ಮೂತಿಂಗ್ (ಮೇಲ್ಮೈ ನಯಗೊಳಿಸುವುದು) ಅತಿಯಾದರೆ ಇಂಪ್ಲಾಂಟ್ (ಕೃತಕ ಮಂಡಿ) ಕೂರುವ ಅಂಚೇ ಕರಗಿಹೋಗುತ್ತದೆ. ಹೊಸಬರು ಎಡವುವುದು ಇಲ್ಲೇ. ಮೊದಲೇ ಲೋಹದ ಕೀಲಿದ್ದ ಸ್ಕ್ಯಾನಿನಲ್ಲಿ ಬಿಳಿ ಗೆರೆಗಳು ಮೂಳೆಯನ್ನು ನುಂಗುತ್ತವೆ, ಅದಕ್ಕೆ ಇದರಲ್ಲಿ ಸುಲಭದ ಮದ್ದಿಲ್ಲ.

ಒತ್ತಡದ ಲೆಕ್ಕಕ್ಕೆ ಆಕಾರದ ಮೇಲ್ಮೈಯನ್ನು ಹೊತ್ತ ಎಸ್‌ಟಿಎಲ್ ಫೈಲ್ ತೆಗೆದು, ಮೆಶ್ ಮಾಡಿ (ಸಣ್ಣ ಸಣ್ಣ ತುಂಡುಗಳಾಗಿ ಒಡೆದು), ಒತ್ತಡ ಲೆಕ್ಕಹಾಕುವ ಫೀಬಯೋ ಸಾಫ್ಟ್‌ವೇರ್‌ಗೆ ಒಯ್ಯಬೇಕು. ವಸ್ತುವಿನ ಬಿಗಿತವಾಗಿ (ಯಂಗ್ಸ್ ಮಾಡ್ಯುಲಸ್) ಇಂಪ್ಲಾಂಟಿನ ಕೋಬಾಲ್ಟ್-ಕ್ರೋಮ್‌ಗೆ ಸುಮಾರು 210 ಗಿಗಾಪ್ಯಾಸ್ಕಲ್, ಟೈಟಾನಿಯಂ ಮಿಶ್ರಲೋಹಕ್ಕೆ 110, ಗಟ್ಟಿ ಮೂಳೆಗೆ 17 ಕೊಡಿ.

ನಡಿಗೆಯ ಭಾರವೊಂದನ್ನೇ ಹಾಕಿ ಮುಗಿಸಬೇಡಿ. ತೀರ್ಥಹಳ್ಳಿ ಕಡೆ ತೋಟದಲ್ಲಿ ಕುಕ್ಕರಗಾಲಲ್ಲಿ ಕೂತು ಉದುರಡಿಕೆ ಹೆಕ್ಕುವವರ ಮಂಡಿ 120 ಡಿಗ್ರಿ ಮೀರಿ ಮಡಚುತ್ತದೆ. ಆಗ ಭಾರ ಕೃತಕ ಮಂಡಿಯ ನಡುವಿನ ಪಾಲಿಎಥಿಲೀನ್ (ಪ್ಲಾಸ್ಟಿಕ್) ತಟ್ಟೆಯ ಹಿಂಬದಿಗೆ ಸರಿದು, ತಾಗುವ ಜಾಗ ಕಿರಿದಾಗಿ, ಒತ್ತಡ ಏರುತ್ತದೆ. ಆ ಭಂಗಿಯನ್ನೂ ಓಡಿಸಿ ನೋಡಿ.