ಹದಿನೆಂಟನೇ ಅಡಿಕೆ ಮರದವರೆಗೆ: ಒಂದು 4-12×40 ಸ್ಕೋಪ್ ಜೊತೆ ನಾಲ್ಕು ಮಳೆಗಾಲ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಅಂಗಳದ ತುದಿಯಿಂದ ಅಡಿಕೆ ತೋಟದ ಒಂದು ಸಾಲು ನೇರವಾಗಿ ಗುಡ್ಡೆಯ ಬುಡಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿ ಎರಡಾಳು ಎತ್ತರದ ಮಣ್ಣಿನ ಬರೆ. ಮರದಿಂದ ಮರಕ್ಕೆ 2.7 ಮೀಟರ್. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಹೇಳುವ ಅಂತರ ಅದು, ಅಪ್ಪ ಹಾಗೇ ನೆಟ್ಟದ್ದು. ಅದರಿಂದ ನನಗೆ ದೂರ ಅಳೆಯುವ ಕೆಲಸವೇ ಇಲ್ಲ. ನನ್ನ ಮೇಜಿನಿಂದ ಒಂಬತ್ತನೇ ಮರ ಅಂದರೆ 25 ಮೀಟರಿಗೆ ಹತ್ತಿರ. ಹದಿನೆಂಟನೇ ಮರ ದಾಟಿ ಎರಡು ಹೆಜ್ಜೆ ಇಟ್ಟರೆ 50. ಅಲ್ಲೇ ಬರೆಗೆ ಒರಗಿಸಿ ಮರಳು ತುಂಬಿದ ಗೋಣಿ, ಅದರ ಮುಂದೆ ನನ್ನ ಏರ್ ರೈಫಲಿನ ಗುರಿಯ ಕಾಗದ.

ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ, ತೋಟದ ಕೆಲಸದವರು ಬರುವ ಮೊದಲು, ಇಪ್ಪತ್ತು ಗುಂಡು. ಜಾಸ್ತಿ ಇಲ್ಲ. ಹತ್ತು ಗಂಟೆ ಕಳೆದರೆ ಕಡಲ ಕಡೆಯ ಗಾಳಿ ಏಳುತ್ತದೆ, ಸೋಗೆಗಳು ಅಲುಗಲು ಶುರು. ಆಮೇಲೆ .177 ಪೆಲೆಟ್ ಅನ್ನು, ಅಂದರೆ 4.5 ಮಿಲಿಮೀಟರ್ ಅಗಲದ ಏರ್ ರೈಫಲ್ ಗುಂಡನ್ನು, 50 ಮೀಟರಿಗೆ ಕಳಿಸಿ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ. ಆ ದೂರಕ್ಕೆ ಅದು ಸಣ್ಣ ಗಾಳಿಗೂ ಪಕ್ಕಕ್ಕೆ ಸರಿಯುತ್ತದೆ.

ನನ್ನದು ನಳಿಗೆ ಮಡಚಿ ಹೂಡುವ ಸ್ಪ್ರಿಂಗ್ ಏರ್ ರೈಫಲ್. ನಮ್ಮ ದೇಶದಲ್ಲಿ .177 ಅಳತೆಯ, ಗುಂಡಿನ ಶಕ್ತಿ 20 ಜೂಲ್ ಒಳಗಿನ ಏರ್ ರೈಫಲ್‌ಗೆ ಲೈಸನ್ಸ್ ಬೇಡ. ದೊಡ್ಡಪ್ಪನ ತೋಟೆ ಕೋವಿಗೆ ಲೈಸನ್ಸ್ ಇದೆ. ಪ್ರತಿ ಚುನಾವಣೆಗೂ ಅದನ್ನು ಒಯ್ದು ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕು. ನನಗೆ ಆ ಓಡಾಟ ಬೇಡವಾಗಿತ್ತು. ಬೇಟೆಯ ಆಸೆಯೂ ಇಲ್ಲ. ಕಾಗದದ ಮೇಲಿನ ವೃತ್ತ ಸಾಕು.

ರೈಫಲ್ ಮೇಲೆ ಸ್ಕೋಪ್, ಅಂದರೆ ಗುರಿ ಹಿಡಿಯುವ ದುರ್ಬೀನು, ಹಾಕಿಸಿದ ದಿನದಿಂದ ಮನೆಗೆ ಬಂದವರೆಲ್ಲ ಕೇಳುವುದು ಒಂದೇ. ಭಾವ ಬಂದಾಗಲೂ ಅದೇ: "ಎಷ್ಟು ಪಟ್ಟು ದೊಡ್ಡದು ಕಾಣ್ತದೆ ಭಾವ?" ನಾನು ಹನ್ನೆರಡು ಅಂದೆ. "ಅಷ್ಟೆಯಾ? ಇಪ್ಪತ್ನಾಲ್ಕರದ್ದು ಸಿಗ್ತದಲ್ಲ?" ಸಿಗುತ್ತದೆ. ಈ ಬೆಲೆಗೇ ಸಿಗುತ್ತದೆ. ಆದರೆ ಅಗ್ಗದ ಸ್ಕೋಪ್ ಹುಡುಕುವವರಿಗೆ ನಾನು ಹೇಳುವುದು ಇದೇ: ಎಷ್ಟು ಪಟ್ಟು ಅನ್ನುವುದನ್ನು ಕೊನೆಗೆ ನೋಡಿ. ಮೊದಲು ನೋಡಬೇಕಾದದ್ದು ಸ್ಕೋಪಿನ ಮೂತಿಯಲ್ಲಿ ತಿರುಗುವ ಉಂಗುರ ಇದೆಯಾ ಅಂತ.

ಅದಕ್ಕೆ ಮೊದಲು ನನ್ನ ಮೊದಲ ಸ್ಕೋಪಿನ ಕಥೆ ಹೇಳಬೇಕು. ಅದು 3-9×40, ಅಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದು ತೋರಿಸುವಂಥದ್ದು, ಮುಂದಿನ ಗಾಜು 40 ಮಿಲಿಮೀಟರ್. ಮೂರು ಸಾವಿರದೊಳಗೆ ಸಿಕ್ಕಿದ್ದು. ದೊಡ್ಡ ಕೋವಿಗೂ ಆಗುತ್ತದೆ ಎಂದು ಮಾರಿದವರು ಹೇಳಿದ್ದರು. ದೊಡ್ಡ ಕೋವಿಗೇ ತಡೆಯುವುದು ಏರ್‌ಗನ್‌ಗೆ ತಡೆಯದೇ ಅಂತ ನಾನೂ ಅಂದುಕೊಂಡೆ. ಎರಡು ತಿಂಗಳಲ್ಲಿ ಗುರಿ ಹಿಡಿಯುವ ಒಳಗಿನ ಅಡ್ಡ-ಉದ್ದ ಗೆರೆ ವಾಲಿತು, ಆಮೇಲೆ ಒಂದು ಬೆಳಿಗ್ಗೆ ಕಡಿದೇ ಹೋಯಿತು. ಕಾರಣ ಆಮೇಲೆ ತಿಳಿಯಿತು. ಮದ್ದಿನ ಕೋವಿ ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ರೈಫಲ್ ಎರಡು ಕಡೆಗೂ ಒದೆಯುತ್ತದೆ. ಪಿಸ್ಟನ್ ಮುಂದಕ್ಕೆ ಹಾರುವಾಗ ರೈಫಲ್ ಹಿಂದೆ, ಪಿಸ್ಟನ್ ತುದಿಗೆ ಹೋಗಿ ನಿಂತಾಗ ರೈಫಲ್ ಮುಂದೆ. ಆ ಮುಂದಿನ ಎಳೆತ ಎಷ್ಟೋ ಸ್ಕೋಪುಗಳಿಗೆ ಆಗುವುದಿಲ್ಲ. ಆದ್ದರಿಂದ ಸ್ಪ್ರಿಂಗ್ ರೈಫಲ್ ಇರುವವರು ಏರ್‌ಗನ್‌ಗೆ ಅಂತಲೇ ಮಾಡಿದ ಸ್ಕೋಪ್ ಕೇಳಿ ತಗೊಳ್ಳಿ. ಗಾಳಿ ತುಂಬಿಸಿ ಇಡುವ ಪಿಸಿಪಿ ರೈಫಲ್ ಇದ್ದರೆ ಒದೆತವೇ ಇಲ್ಲದಷ್ಟು ಕಡಿಮೆ, ಅವರಿಗೆ ಈ ಚಿಂತೆ ಬೇಡ.

ಎರಡನೆಯದು ಈ 4-12×40. ಒಂಬತ್ತೂವರೆ ಸಾವಿರ ಆಯಿತು. ಅದು ಆ ವರ್ಷದ ಕರಿಮೆಣಸು ಮಾರಿದ ದುಡ್ಡು. ಮನೆಯಲ್ಲಿ ಒಂದು ಮಾತೂ ಕೇಳದೆ ಖರ್ಚು ಮಾಡಬಹುದಾದ ಮೊತ್ತ ಅಷ್ಟೇ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಥರದ ಸ್ಕೋಪ್ ಬೇರೆ ಬೇರೆ ಹೆಸರಿನಲ್ಲಿ ಮಾರಾಟ ಆಗುವುದುಂಟು, ಮತ್ತೆ ಮುಂದೆ ಹೇಳುವ ತೊಂದರೆ ಒಂದು ಹೆಸರಿಗೆ ಸೇರಿದ್ದೂ ಅಲ್ಲ.

ಈಗ ಉಂಗುರದ ವಿಷಯ. ಸಾಮಾನ್ಯ ರೈಫಲ್ ಸ್ಕೋಪಿನಲ್ಲಿ ಗೆರೆ ಮತ್ತು ಗುರಿ ಒಂದೇ ಮಟ್ಟದಲ್ಲಿ ಕೂರುವುದು 100 ಗಜದ ಆಸುಪಾಸಿನಲ್ಲಿ. ಹತ್ತಿರದ ಗುರಿಗೆ ಹಿಡಿದರೆ ಎರಡೂ ಬೇರೆ ಬೇರೆ ಕಡೆ ತೇಲುತ್ತವೆ. ಕಣ್ಣು ಒಂದು ಚೂರು ಪಕ್ಕಕ್ಕೆ ಸರಿದರೆ ಗೆರೆಯೂ ಗುರಿಯ ಮೇಲೆ ಸರಿಯುತ್ತದೆ. ರೈಫಲ್ ಅಲುಗಿಲ್ಲ, ಆದರೂ ಗುಂಡು ಬೇರೆ ಕಡೆ. ಇದನ್ನೇ ಪ್ಯಾರಲಾಕ್ಸ್ ಅನ್ನುವುದು. ನನ್ನ ಹಳೇ ಸ್ಕೋಪಿನಲ್ಲಿ ಒಂದು ದಿನ ಚೆನ್ನಾಗಿ, ಒಂದು ದಿನ ಚದುರಿ ಬೀಳುತ್ತಿದ್ದದ್ದು ಇದರಿಂದಲೇ. ಕೆನ್ನೆ ದಿನಕ್ಕೊಂದು ಕಡೆ ಕೂರುತ್ತಿತ್ತು. ನನ್ನ ಕೈಯೇ ಸರಿ ಇಲ್ಲ ಎಂದು ಎಷ್ಟು ಬೇಜಾರು ಮಾಡಿಕೊಂಡಿದ್ದೆ!

ಮುಂದಿನ ಉಂಗುರ ತಿರುಗಿಸಿದರೆ ಈ ವ್ಯತ್ಯಾಸ ಹೋಗುತ್ತದೆ. ಮೊದಲ ದಿನ ನಾನು ಗುಂಡೇ ಹೊಡೆಯಲಿಲ್ಲ. ಸುಮ್ನೆ ಉಂಗುರ ತಿರುಗಿಸುತ್ತಾ ಕೂತೆ. ಆರನೇ ಮರದ ಕಾಂಡದ ಮೇಲಿನ ಬಿಳಿ ಕಲೆ ತಿಳಿಯಾಯಿತು, ಉಳಿದದ್ದೆಲ್ಲ ಹಸಿರು ನೀರಿನ ಹಾಗೆ ಕದಡಿತು. ಇನ್ನು ಸ್ವಲ್ಪ ತಿರುಗಿಸಿದೆ. ಆರನೆಯದು ಕರಗಿತು, ಹತ್ತನೇ ಮರದ ಮೇಲಿನ ಜೇಡರ ಬಲೆ, ಅದರ ಮೇಲಿನ ಇಬ್ಬನಿ ಎದ್ದು ನಿಂತಿತು. ಹೀಗೆ ಒಂದೊಂದೇ ಮರ ದಾಟಿ ಕೊನೆಗೆ ಬರೆಯ ಕೆಂಪು ಮಣ್ಣಿನ ಕಣ. ಮೂವತ್ತು ವರ್ಷ ಓಡಾಡಿದ ತೋಟ ಅದು. ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಉಂಗುರದ ಮೇಲೆ ಅಚ್ಚಾದ ಅಂಕೆಗಳು ಗಜದಲ್ಲಿವೆ, ಅಷ್ಟು ಸರಿಯೂ ಇಲ್ಲ. ನಾನು ಬಿಳಿ ಟೇಪು ಸುತ್ತಿ, ಪ್ರತಿ ಮರಕ್ಕೂ ಹಿಡಿದು ನೋಡಿ, ಪೆನ್ನಿನಲ್ಲಿ ನನ್ನದೇ ಗುರುತು ಹಾಕಿದೆ. 6, 9, 11, 14, 18. ಮೀಟರ್ ಅಲ್ಲ, ಮರದ ಸಂಖ್ಯೆ. ಫೀಲ್ಡ್ ಟಾರ್ಗೆಟ್ ಅನ್ನುವ ಏರ್ ರೈಫಲ್ ಸ್ಪರ್ಧೆಯಲ್ಲೂ ದೂರ ಕಂಡುಹಿಡಿಯುವುದು ಹೀಗೇ. ಎಲ್ಲಿ ಚಿತ್ರ ತಿಳಿಯಾಗುತ್ತದೋ ಅಲ್ಲಿನ ಅಂಕೆ ಓದಿ ಅದಕ್ಕೆ ತಕ್ಕ ಹಾಗೆ ಎತ್ತರ ಬದಲಿಸುತ್ತಾರೆ.

ಎತ್ತರ ಬದಲಿಸುವ ತಿರುಗು ಗುಂಡಿ, ಅಂದರೆ ಟರೆಟ್ ಬಗ್ಗೆಯೂ ಒಳ್ಳೆ ಮಾತೇ ಇದೆ. ಒಂದು ಕ್ಲಿಕ್ ಅಂದರೆ ಕಾಲು ಎಂಒಎ. ಎಂಒಎ ಅನ್ನುವುದು ಕೋನದ ಅಳತೆ, ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು. 50 ಮೀಟರಿನಲ್ಲಿ ಅದು ಸುಮಾರು 3.6 ಮಿಲಿಮೀಟರ್, 25ರಲ್ಲಿ ಅದರ ಅರ್ಧ. ನನ್ನ ರೈಫಲನ್ನು 25 ಮೀಟರಿಗೆ ಸರಿ ಮಾಡಿಟ್ಟರೆ 50ರಲ್ಲಿ ಪೆಲೆಟ್ ಸುಮಾರು 13 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಮೂವತ್ತಾರು ಕ್ಲಿಕ್. ಮುಖ್ಯವಾದದ್ದು ಮೇಲೆ ಹೋಗುವುದಲ್ಲ, ತಿರುಗಿ ಬರುವುದು. ಮೂವತ್ತಾರು ಮೇಲೆ ಹೋಗಿ ಮೂವತ್ತಾರು ಕೆಳಗೆ ಬಂದರೆ ಮೊದಲಿನ ತೂತಿನ ಪಕ್ಕದಲ್ಲೇ ಬೀಳಬೇಕು. ಹೊಸ ಸ್ಕೋಪ್ ಬಂದ ವಾರವೇ ಇದನ್ನು ನೋಡಿಕೊಳ್ಳಿ: ಇಪ್ಪತ್ತು ಕ್ಲಿಕ್ ಮೇಲೆ, ಇಪ್ಪತ್ತು ಬಲಕ್ಕೆ, ಇಪ್ಪತ್ತು ಕೆಳಗೆ, ಇಪ್ಪತ್ತು ಎಡಕ್ಕೆ. ನಾಲ್ಕು ಮೂಲೆಯಲ್ಲೂ ಗುಂಡು ಹೊಡೆದು, ಐದನೆಯದು ಒಂದನೆಯದರ ಜೊತೆ ಬೀಳುತ್ತದಾ ನೋಡಿ. ನನ್ನದರಲ್ಲಿ ಬಿದ್ದಿತು. ನಾಲ್ಕು ವರ್ಷದ ಮೇಲೂ ಬೀಳುತ್ತದೆ.

ಗೆರೆಯ ಮೇಲಿನ ಚುಕ್ಕಿಗಳನ್ನು ನಂಬಿ ಎತ್ತರ ಹಿಡಿಯುವವರಿಗೆ ಒಂದು ಎಚ್ಚರಿಕೆ. ಈ ಬೆಲೆಯ ಹೆಚ್ಚಿನ ಸ್ಕೋಪುಗಳಲ್ಲಿ ಝೂಮ್ ಬದಲಿಸಿದರೆ ಚುಕ್ಕಿಯ ಲೆಕ್ಕವೂ ಬದಲಾಗುತ್ತದೆ. ಹನ್ನೆರಡರಲ್ಲಿ ಸರಿ ಇದ್ದ ಚುಕ್ಕಿ ಆರರಲ್ಲಿ ಎರಡು ಪಟ್ಟು ಕೆಳಗೆ ತೋರಿಸುತ್ತದೆ.

ಗುರಿಗೆ ನಾನು ಬಳಸುವುದು ಒಲಿಂಪಿಕ್ಸಿನ 50 ಮೀಟರ್ ರೈಫಲ್ ಕಾಗದದ ಅಳತೆ. ನಡುವಿನ ಹತ್ತರ ವೃತ್ತ 10.4 ಮಿಲಿಮೀಟರ್, ಕಿರುಬೆರಳಿನ ಉಗುರಿನಷ್ಟು. 2024ರಲ್ಲಿ ಪ್ಯಾರಿಸ್‌ನಲ್ಲಿ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಈ ಅಳತೆಯ ಗುರಿಗೇ, ಅದೂ ಸ್ಕೋಪ್ ಇಲ್ಲದೆ. ಆ ಸ್ಪರ್ಧೆಗಳಲ್ಲಿ ದುರ್ಬೀನು ಹಾಕುವ ಹಾಗಿಲ್ಲ, ಸಣ್ಣ ತೂತಿನ ಸೈಟ್ ಮಾತ್ರ. ಮಕ್ಕಳನ್ನು ಅಂಥ ಸ್ಪರ್ಧೆಗೆ ತಯಾರು ಮಾಡುವವರು ಸ್ಕೋಪಿಗೆ ದುಡ್ಡು ಹಾಕಬೇಡಿ. ನನಗೆ ಒಳ್ಳೆಯ ದಿನ ಐದು ಗುಂಡು 4 ಸೆಂಟಿಮೀಟರಿನೊಳಗೆ ಬೀಳುತ್ತವೆ. ಸ್ಪ್ರಿಂಗ್ ರೈಫಲ್‌ಗೆ ಅದು ಸಂತೋಷ ಪಡುವಂಥದ್ದೇ.

ಇಷ್ಟರವರೆಗೆ ಬರೆದದ್ದು ಮೊದಲ ಎರಡು ವರ್ಷದ ಮಾತು. ಆಗ ಕೇಳಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ ಅನ್ನುತ್ತಿದ್ದೆ.

ಮೂರನೇ ಮಳೆಗಾಲ ಆಟಿ ತಿಂಗಳಲ್ಲಿ ಹನ್ನೆರಡು ದಿನ ಬಿಡದೆ ಸುರಿಯಿತು. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗೋಡೆ ಬೆವರುತ್ತದೆ, ಚರ್ಮದ ಬೆಲ್ಟಿನ ಮೇಲೆ ಬೂಸ್ಟು ಬರುತ್ತದೆ. ರೈಫಲನ್ನು ಅದರ ಸ್ಪಂಜಿನ ಚೀಲದಲ್ಲೇ ಕಪಾಟಿನಲ್ಲಿ ಇಟ್ಟಿದ್ದೆ. ಹೊರಗೆ ತೆಗೆದಾಗ ಉಂಗುರ ಬಿಗಿಯಾಗಿತ್ತು. ಬೈರಾಸಿನಲ್ಲಿ ಹಿಡಿದು ತಿರುಗಿಸಿದೆ. ಆಕಾಶದ ಕಡೆ ಹಿಡಿದು ನೋಡಿದರೆ ಮುಂದಿನ ಗಾಜಿನ ಒಳಬದಿಯಲ್ಲಿ, ಅಂಚಿನಿಂದ ಹೊರಟ ಸಣ್ಣ ನೂಲಿನ ಹಾಗಿನ ಎಳೆ. ಒರೆಸಿದೆ, ಹೋಗಲಿಲ್ಲ. ಒಳಗೆ ಇತ್ತು. ಫಂಗಸ್.

ಆ ದಿನ ನನಗೆ ಊಟ ಸೇರಲಿಲ್ಲ.

ಒಳಗೆ ನೈಟ್ರೋಜನ್ ತುಂಬಿದೆ, ನೀರು ಹೋಗುವುದಿಲ್ಲ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಹೊಸದಿದ್ದಾಗ ಅದು ನಿಜವೇ ಇರಬಹುದು. ಆದರೆ ನಾನು ಇಷ್ಟು ಮೆಚ್ಚಿದ ಆ ಉಂಗುರ ಇದೆಯಲ್ಲ, ತೇವ ಹೊಕ್ಕ ದಾರಿ ಅಲ್ಲೇ ಇರಬೇಕು ಎಂದು ನನ್ನ ಅನುಮಾನ. ಒಳಗಿನ ರಬ್ಬರ್ ವಾಷರ್ ದಿನಾ ತಿರುಗಿ ತಿರುಗಿ ಸವೆಯುತ್ತದೆ. ನನ್ನಷ್ಟು ತಿರುಗಿಸುವವರು ಕಡಿಮೆ. ಮಾರಿದ ಅಂಗಡಿಗೆ ಫೋನ್ ಮಾಡಿದೆ. ಒಂದು ವರ್ಷದ ಮಾತು ಕೊಟ್ಟದ್ದು, ಅದು ಮುಗಿದಿದೆ ಎಂದರು. ಬಿಚ್ಚಿ ಒರೆಸಿ ಕೊಡುವವರು ಯಾರಾದರೂ ಇದ್ದಾರಾ ಎಂದು ಕೇಳಿದೆ. ಬಿಚ್ಚಿದರೆ ಒಳಗಿನ ಗ್ಯಾಸ್ ಹೋಗುತ್ತದೆ, ಹೊಸತು ತಗೊಳ್ಳುವುದೇ ಒಳ್ಳೆಯದು ಅಂದರು. ನಮ್ಮ ಕರಾವಳಿಯ ಹವೆ ಗೊತ್ತಿದ್ದೂ ಒಂದು ಮಾತು ಮೊದಲೇ ಹೇಳಬಹುದಿತ್ತು, ಅಲ್ವಾ? ಚೀಲದಲ್ಲಿ ಇಡಬೇಡಿ ಅಂತ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಈಗ ಮಾಡುವುದು ಹೀಗೆ. ಮೇಯಿಂದ ಅಕ್ಟೋಬರ್‌ವರೆಗೆ ಸ್ಕೋಪನ್ನು ಮೌಂಟ್ ಸಮೇತ, ಅಂದರೆ ಅದನ್ನು ರೈಫಲಿಗೆ ಕೂರಿಸುವ ಹಿಡಿಕೆ ಸಮೇತ, ಬಿಚ್ಚುತ್ತೇನೆ. ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಬಟ್ಟೆಯಲ್ಲಿ ಕಟ್ಟಿದ ಕಾಲು ಕಿಲೋ ನೀಲಿ ಸಿಲಿಕಾ ಜೆಲ್. ತೇವ ಹೀರಿ ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ, ಅಡುಗೆಗೆ ಬಳಸದ ಒಂದು ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ನೀಲಿ ಮಾಡಿಕೊಳ್ಳುತ್ತೇನೆ. ಭಾನುವಾರ ಡಬ್ಬಿ ತೆರೆದು ಬೆಳಕಿಗೆ ನೋಡುವುದು. ಬಿಸಿಲಿನಲ್ಲಿ ಮಾತ್ರ ಸೂರ್ಯನಿಗೆ ಮುಖ ಮಾಡಿ ಇಡಬಾರದು. ಮುಂದಿನ ಗಾಜು ಬಿಸಿಲನ್ನು ಒಟ್ಟು ಮಾಡಿ ಒಳಗೆ ಸುಟ್ಟುಬಿಡುತ್ತದೆ. ಮತ್ತೆ ಕೂರಿಸಿದಾಗ ಗುರಿ ಸ್ವಲ್ಪ ಆಚೀಚೆ ಆಗುತ್ತದೆ, ಏಳೆಂಟು ಗುಂಡಿನಲ್ಲಿ ಸರಿಯಾಗುತ್ತದೆ. ಸ್ಪ್ರಿಂಗ್ ರೈಫಲ್ ಮೇಲೆ ಮೌಂಟ್ ಹಿಂದಕ್ಕೆ ಜಾರುತ್ತದೆ, ಅದಕ್ಕೆ ತಡೆಯ ಪಿನ್ ಇರುವ ಒಳ್ಳೆಯ ಮೌಂಟನ್ನೇ ಕೊಳ್ಳಿ. ಅದರಲ್ಲಿ ಐನೂರು ಉಳಿಸಲು ಹೋಗಬೇಡಿ.

ಎರಡು ವರ್ಷದಿಂದ ಆ ಎಳೆ ಬೆಳೆದಿಲ್ಲ. ನಾಲ್ಕರಿಂದ ಎಂಟರವರೆಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಹನ್ನೆರಡಕ್ಕೆ ಹೋದರೆ ಒಂದು ಬದಿಯಲ್ಲಿ ಸ್ವಲ್ಪ ಮಂಕು. ಸಂಜೆ ತೋಟದ ನೆರಳಿನಲ್ಲಿ ನಾನು ಹೇಗೂ ಕಡಿಮೆ ಮಾಡಿಕೊಳ್ಳುತ್ತೇನೆ. 40 ಮಿಲಿಮೀಟರ್ ಗಾಜನ್ನು 12ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಡಿ 3.3 ಮಿಲಿಮೀಟರ್, 6ರಿಂದ ಭಾಗಿಸಿದರೆ 6.7. ಭಾವ ಹೇಳಿದ ಇಪ್ಪತ್ನಾಲ್ಕರದ್ದು ನಮ್ಮ ತೋಟದೊಳಗೆ ಕತ್ತಲೆಯೇ.

ಮತ್ತೆ ಇದನ್ನೇ ಕೊಳ್ಳುತ್ತೀಯಾ ಎಂದರೆ, ಹತ್ತು ಸಾವಿರದೊಳಗೆ, 50 ಮೀಟರಿನ ಏರ್ ರೈಫಲ್‌ಗೆ, ಹೌದು. ಡಬ್ಬಿ ಮತ್ತು ಸಿಲಿಕಾ ಜೆಲ್ ಅದೇ ದಿನ ಕೊಳ್ಳುತ್ತೇನೆ. ಇನ್ನೂ ಎಂಟು ಹತ್ತು ಸಾವಿರ ಹಾಕಬಲ್ಲವರು ಉಂಗುರದ ಬದಲು ಪಕ್ಕದಲ್ಲಿ ಗುಂಡಿ ಇರುವ ಸೈಡ್ ಫೋಕಸ್ ನೋಡಿ. ಮುಂದಿನ ಗಾಜು ಅಲುಗುವುದಿಲ್ಲ, ಕೆನ್ನೆ ಎತ್ತದೆ ತಿರುಗಿಸಬಹುದು. .22 ಬುಲೆಟ್ ರೈಫಲ್‌ನಲ್ಲಿ 100 ಮೀಟರ್ ಹೊಡೆಯುವವರಿಗೆ ಎತ್ತರದ ಹೊಂದಾಣಿಕೆ ಜಾಸ್ತಿ ಬೇಕು. 30 ಮಿಲಿಮೀಟರ್ ಕೊಳವೆಯದ್ದು ಅದಕ್ಕೇ ಒಳ್ಳೆಯದು, ಬೆಳಕಿಗಾಗಿ ಅಲ್ಲ.

ಮೊನ್ನೆ ಭಾನುವಾರ ಸ್ಕೋಪನ್ನು ಡಬ್ಬಿಯಿಂದ ತೆಗೆದು ಮರಳಿನ ಚೀಲದ ಮೇಲೆ ಇಟ್ಟಿದ್ದೆ, ರೈಫಲ್ ಇಲ್ಲದೆ. ಎಂಟನೇ ಕ್ಲಾಸಿನ ಮಗಳು ಬಂದು ಕೂತಳು. ತೋಟದಲ್ಲಿ ಅವಳ ಅಜ್ಜ ಬಿದ್ದ ಅಡಿಕೆ ಹಾಳೆ ಹೆಕ್ಕುತ್ತಿದ್ದರು. ಅವಳು ಉಂಗುರ ನಿಧಾನ ತಿರುಗಿಸಿ, ನಿಲ್ಲಿಸಿ, ಟೇಪಿನ ಮೇಲಿನ ಗುರುತು ಓದಿದಳು. "ಅಪ್ಪಾ, ಅಜ್ಜ ಹನ್ನೊಂದನೇ ಮರದ ಹತ್ತಿರ ಇದ್ದಾರೆ." ನಾನು ಎದ್ದು ಹೋಗಿ ಎಣಿಸಿದೆ. ಹನ್ನೊಂದೇ. ಟೇಪಿನ ಅಂಕೆಗಳು ಮಾಸಿವೆ, ಈ ಸಲ ಅವಳ ಕೈಯಲ್ಲೇ ಬರೆಸಬೇಕು.