ಸ್ಕೂಬಾ ಗೇಜಿನ ಹೋಸ್: ರಬ್ಬರಿನದೋ, ಹೆಣಿಗೆಯದೋ?

ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿನಡಿ ಈಜುವಾಗ, ಆ ಸಿಲಿಂಡರಿನ ಸುಮಾರು 200 ಬಾರ್ ಒತ್ತಡವನ್ನು ಗೇಜಿಗೆ (ಒತ್ತಡ ತೋರಿಸುವ ಮಾಪಕಕ್ಕೆ) ತಲುಪಿಸುವ ಹೋಸ್ (ಕೊಳವೆ) ರಬ್ಬರಿನದಿರಬೇಕೋ, ನೈಲಾನ್ ಹೆಣಿಗೆಯದೋ ಎಂದು ಕೇಳಿದ್ದೀರಿ. ರಬ್ಬರಿನದು ಸಾಮಾನ್ಯವಾಗಿ ಅಗ್ಗ, ಆದರೆ ತೂಕ ಹೆಚ್ಚು, ಬಾಗುವುದು ಕಡಿಮೆ; ವಿಮಾನದಲ್ಲಿ ಸಲಕರಣೆ ಒಯ್ಯುವವರಿಗೆ ಹೆಣಿಗೆಯದೇ ಅನುಕೂಲ. ಬಾಳಿಕೆಯನ್ನು ಮಾತ್ರ ನಿಧಾನವಾಗಿ ಯೋಚಿಸಬೇಕು: ಹಳೆಯ ರಬ್ಬರನ್ನು ಲೋಹದ ತುದಿಯ ಬಳಿ ಬಗ್ಗಿಸಿದರೆ ಸಣ್ಣ ಬಿರುಕುಗಳು ಕಣ್ಣಿಗೆ ಬೀಳುತ್ತವೆ, ಹೆಣಿಗೆಯಾದರೋ ಒಳಪದರದ ಹಾನಿಯನ್ನು ಮರೆಮಾಡಬಲ್ಲದು. ಆದ್ದರಿಂದ ದೋಣಿಯಲ್ಲಿ ಹಲವರ ಕೈಗೆ ಹೋಗುವ ಬಾಡಿಗೆ ಸಲಕರಣೆಗೆ ನಾನು ರಬ್ಬರನ್ನೇ ಆರಿಸುತ್ತೇನೆ.

ಯಾವುದನ್ನೇ ಕೊಂಡರೂ ತುದಿಯ ರಕ್ಷಣಾ ಕವಚವನ್ನು ಸರಿಸಿ, ಅದರಡಿ ಉಪ್ಪು, ತುಕ್ಕು ಕಟ್ಟಿದೆಯೇ ನೋಡಿ. ಗೇಜಿನ ಗಾಜನ್ನು ಎಲ್ಲರ ಮುಖದಿಂದ ಆಚೆ ತಿರುಗಿಸಿಯೇ ಸಿಲಿಂಡರಿನ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಉಬ್ಬಿದ, ಗುಳ್ಳೆ ಬಿಡುವ ಹೋಸಿಗೆ ಟೇಪ್ ಸುತ್ತಿ ನೀರಿಗಿಳಿಯುವುದು ಎಂದಿಗೂ ಸಲ್ಲದು.